ಆಂಟಿಮನಿ ಹುಡುಕಿ ಆಂಟಿ ಮನೆಗೆ

ನಾನು ಗಣಿ ಇಲಾಖೆಯಲ್ಲಿ ಭೂವಿಜ್ಞಾನಿಯಾಗಿದ್ದವನು. ನೆಲದೊಳಗೆ ಏನಿದೆ ಎಂದು ಹುಡುಕಿಕೊಂಡು ಹೋದಾಗಲೆಲ್ಲ ನೆಲದ ಮೇಲಿನವರ ಕೈಗೆ ಸಿಕ್ಕಿಬೀಳುವುದು ನನ್ನ ಹಣೆಬರಹ. ಹಾರೋಹಳ್ಳಿ ಕಡೆ ಹೊಲಗಳು ಒಂದೊಂದಾಗಿ ಫ್ಯಾಕ್ಟರಿಗಳಾಗುತ್ತಿದ್ದ ಕಾಲದಲ್ಲಿ ಇಲಾಖೆಗೆ ಒಂದು ಹಳೆಯ ಫೈಲು ನೆನಪಾಯಿತು. ಕೋಡಿಹಳ್ಳಿಯಿಂದಾಚೆ ಕಾಡಂಚಿನಲ್ಲಿ ಆಂಟಿಮನಿ ಎಂಬ ಲೋಹ, ಜೊತೆಗೆ ಸತು, ಸೀಸ ಸಿಗಬಹುದೆಂದು ಹಿಂದೆ ಯಾರೋ ಅಗೆದು, ಹಾಗೇ ಬಿಟ್ಟುಹೋದ ಗುಂಡಿಯದು. ಅದಿರು ಎಷ್ಟಿದೆ ನೋಡಿ ಬಾ ಎಂದು ನನ್ನನ್ನು ಕಳಿಸಿದರು.

ವಿಳಾಸ

ಬಸ್ಸಿಳಿದು ಟೀ ಅಂಗಡಿಯವನನ್ನು ಕೇಳಿದೆ, "ಇಲ್ಲಿ ಆಂಟಿಮನಿ ಎಲ್ಲಿದೆ?"

"ಆಂಟಿ ಮನೆಯಾ? ಹಳ್ಳ ದಾಟ್ಕಂಡ್ ಹೋಗಿ. ಹುಣಸೆಮರದ ಪಕ್ಕ."

"ಮನೆಯಲ್ಲಪ್ಪ, ಆಂಟಿಮನಿ. ಮಣ್ಣಿನೊಳಗೆ ಇರುತ್ತೆ."

ಅವನು ಲೋಟ ಕೆಳಗಿಟ್ಟ. "ಯಾರ್ ಸಾರ್ ಹಂಗಂದೋರು? ಬೆಳಿಗ್ಗೆ ನೋಡ್ದೆ, ಗಟ್ಟಿಮುಟ್ಟಾಗವ್ರೆ."

ಆಂಟಿ ಎಂದರೆ ಅಂಗನವಾಡಿಯಲ್ಲಿ ಅಡುಗೆ ಮಾಡುವ ಹೆಂಗಸು. ಮಕ್ಕಳು ಕರೆದದ್ದನ್ನೇ ಊರು ಹಿಡಿದುಕೊಂಡಿತ್ತು. ಬೇರೆ ದಾರಿ ಕಾಣದೆ ಅಲ್ಲಿಗೇ ಹೋದೆ. ನೋಡಿದರೆ ಗುಂಡಿ ಇದ್ದದ್ದು ಆಕೆಯ ಎರಡೆಕರೆ ಹೊಲದಲ್ಲೇ. ಇಲಾಖೆಯ ನಕ್ಷೆ ಅದನ್ನು ಕೆರೆಯೊಳಗೆ ತೋರಿಸಿತ್ತು.

ಸೀಸ

"ನಮ್ ಯಜಮಾನ್ರು ಹೋದ್ಮೇಲೆ ಉಳ್ದಿರೋದು ಈ ಹೊಲ ಒಂದೇಯ," ಎಂದು ಆಕೆ ಮೊದಲೇ ಕೇಳಿದಳು. "ಅದಿರು ಸಿಕ್ರೆ ಕಿತ್ಕಂಡ್ಬುಡ್ತಾರಾ ಸಾಮಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಜಾಸ್ತಿ ಸಿಕ್ಕರೆ ಹೋಗಬಹುದಮ್ಮ. ಮೊದಲು ಸೀಸ ಇದೆಯಾ ನೋಡೋಣ."

"ಸೀಸೆಯಾ? ಬೇಕಾದಂಗೈತೆ, ಬನ್ನಿ."

ಗುಂಡಿಯಲ್ಲಿ ಇಣುಕಿದೆ. ಬ್ರಾಂದಿ, ರಮ್ಮು, ಬೀರಿನ ಬಾಟಲಿಗಳು ಸೊಂಟದೆತ್ತರಕ್ಕೆ ಬಿದ್ದಿದ್ದವು.

"ಎಲ್ಲಾ ನಮ್ ವಾರಗಿತ್ತಿ ಗಂಡ ಕುಡ್ದು ಎಸ್ದಿರೋದು," ಎಂದಳು. ಮೈದುನ ಎನ್ನಲು ಮನಸ್ಸಿರಲಿಲ್ಲ. ಪಕ್ಕದ ಹೊಲ ಅವರದು, ಬದುವಿನ ಜಗಳದಲ್ಲಿ ಎರಡು ಮನೆಗೂ ಮಾತು ನಿಂತು ವರ್ಷಗಳಾಗಿದ್ದವು.

ಸೀಸ ಹುಡುಕುವ ಮೊದಲು ಸೀಸೆ ತೆಗೆಯಲು ಎರಡು ದಿನ ಹಿಡಿಯಿತು. ಆ ಗುಂಡಿಯಿಂದ ಲಾಭ ಕಂಡವನು ಇಂದಿಗೂ ಗುಜರಿಯವನೊಬ್ಬನೇ.

ಅಂಜನ

ಬಾಟಲಿಗಳ ಕೆಳಗೆ, ಬಿಳಿ ಬೆಣಚುಕಲ್ಲಿನ ನಡುವೆ ಬೂದುಬಣ್ಣದ ಹೊಳೆಯುವ ಎಳೆಯೊಂದು ಕಂಡಿತು. ಅದೇ ಆಂಟಿಮನಿ ಅದಿರು. ನೋಡಲು ನೆರೆದಿದ್ದ ಊರವರಿಗೆ ತಿಳಿಯಲೆಂದು, "ಹಿಂದೆ ಅಂಜನ ಮಾಡ್ತಿದ್ದದ್ದು ಇದರಿಂದಲೇ," ಎಂದೆ. ನಾನು ಹೇಳಿದ್ದು ಕಣ್ಣಿಗೆ ಹಚ್ಚುವ ಕಪ್ಪಿನ ಮಾತು. ಅವರಿಗೆ ಅಂಜನವೆಂದರೆ ಮಂತ್ರವಾದಿ ವೀಳ್ಯದೆಲೆಗೆ ಸವರಿ, ಕಳೆದುಹೋದದ್ದು ಎಲ್ಲಿದೆ ಎಂದು ನೋಡುವ ಕಪ್ಪು. ಮರುದಿನ ಬೆಳಿಗ್ಗೆ ಗುಂಡಿಯ ಹತ್ತಿರ ಒಬ್ಬ ರೈತ ಕಾದಿದ್ದ.

"ಎಮ್ಮೆ ಕಳ್ದು ಮೂರ್ ದಿನ ಆಯ್ತು ಸಾಮಿ. ಒಸಿ ಅಂಜನ ಹಾಕ್ ನೋಡಿ."

"ನಾನು ನೆಲದೊಳಗೆ ಇರೋದನ್ನ ಮಾತ್ರ ನೋಡೋದು ಕಣಪ್ಪ."

ಅವನ ಮುಖ ಬಿಳಿಚಿಕೊಂಡಿತು. "ನೆಲದೊಳಕ್ ಹೋಗ್ಬುಡ್ತಾ?"

ಹೋಗಿತ್ತು. ಹಿಂದಿನವರು ತೋಡಿದ್ದ ಉದ್ದನೆಯ ಕಂದಕವೊಂದನ್ನು ಲಂಟಾನದ ಪೊದೆ ಮುಚ್ಚಿಬಿಟ್ಟಿತ್ತು. ಕಲ್ಲಿನ ಚೂರು ತೆಗೆಯಲು ನಾನು ಅದಕ್ಕಿಳಿದರೆ ಎಮ್ಮೆ ಮೆಲುಕು ಹಾಕುತ್ತಾ ನಿಂತಿದೆ. ಅಂದಿನಿಂದ ನಾನು ಅಂಜನದ ಸಾಮಿ. ಮೊಟ್ಟೆ ಇಡುವುದನ್ನು ನಿಲ್ಲಿಸಿದ ಕೋಳಿಯನ್ನೂ ಒಬ್ಬರು ತಂದು ತೋರಿಸಿದರು.

ದೊಡ್ಡ ಸಾಹೇಬರು

ಮೇಲಧಿಕಾರಿ ಜೀಪಿನಲ್ಲಿ ಬಂದ ದಿನ ಆಂಟಿ ಗುಂಡಿಯ ಗೋಡೆಗೆಲ್ಲ ಸಗಣಿ ಬಳಿದು, ಮುಂದೆ ರಂಗೋಲಿ ಬಿಟ್ಟಿದ್ದಳು.

"ದೊಡ್ ಸಾಹೇಬ್ರು ಬತ್ತಾರೆ, ಗಲೀಜಾಗಿರ್ಬಾರ್ದು ಅಂತ," ಎಂದಳು. ಅದಿರಿನ ಎಳೆ ಇದ್ದ ಕಡೆ ಎರಡು ಪಟ್ಟು ದಪ್ಪಗೆ ಬಳಿದಿತ್ತು.

ಸಾಹೇಬರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಕೊನೆಗೆ ನನ್ನ ಕಡೆ ತಿರುಗಿ, "ಇದರಲ್ಲಿ ಹುಲ್ಲಿನ ಅಂಶ ಜಾಸ್ತಿ ಇದೆಯಲ್ರೀ," ಎಂದರು.

ವರದಿ

ಸಗಣಿ ಕೆರೆದು ನೋಡಿದ್ದಾಯಿತು, ಅಕ್ಕಪಕ್ಕದ ಹೊಲಗಳಲ್ಲೂ ಅಗೆದದ್ದಾಯಿತು. ಅಂಗೈ ಅಗಲದ ಎಳೆ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಸಣ್ಣಗಾಗಿ ಮಾಯವಾಗಿತ್ತು. ಗಣಿ ಮಾಡುವಷ್ಟು ಅದಿರು ಇಲ್ಲವೆಂದು ವರದಿ ಬರೆದು, ಆಂಟಿಗೆ ಹೇಳಲು ಮನೆಗೆ ಹೋದೆ.

"ನಿಮ್ಮ ಹೊಲ ಎಲ್ಲೂ ಹೋಗಲ್ಲಮ್ಮ. ಅಲ್ಲಿ ಏನೂ ಇಲ್ಲ."

ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಷ್ಟು ವರ್ಷದ ಕೆಲಸದಲ್ಲಿ ಏನೂ ಸಿಗಲಿಲ್ಲವೆಂದು ನಾನು ಸಂತೋಷಪಟ್ಟದ್ದು ಅದೊಂದೇ ಸಲ. ಊಟ ಮಾಡದೆ ಕಳಿಸುವುದಿಲ್ಲವೆಂದು ಕೂರಿಸಿ, ಮುದ್ದೆ ಉಪ್ಸಾರು ಬಡಿಸಿದಳು. ಅರ್ಧ ಮುದ್ದೆ ಮುಗಿದಿರಬೇಕು.

"ಬದುವಿನಾಚೆ, ನಮ್ ವಾರಗಿತ್ತಿ ಹೊಲ್ದಲ್ಲಿ?"

"ಅಲ್ಲೂ ಏನೂ ಇಲ್ಲ ಅಂತಲೇ ಬರೆದಿದೀನಿ."

ಆಕೆ ಇನ್ನೊಂದು ಮುದ್ದೆ ತಂದು ನನ್ನ ತಟ್ಟೆಗೆ ಹಾಕಿ, ಮೆಲ್ಲಗೆ ಹೇಳಿದಳು:

"ಅಲ್ಲಿ ಒಸಿ ಐತೆ ಅಂತ ಬರ್ದ್ಬುಡಿ ಸಾಮಿ."