ಕಾಫಿಯ ಬಿಪಿಯನ್ನೂ ನೋಡುವ ಯಂತ್ರಕ್ಕೆ

ಮಾನ್ಯ ಬಿಪಿ ಮಿಷನ್ ಅವರೇ,

ಮಲ್ಲೇಶ್ವರದ ನಮ್ಮ ನಡುಮನೆಯ ಟೀಪಾಯಿಯ ಮೇಲೆ, ಕ್ರೋಷಾ ಹಾಸಿನ ನಡುವೆ ವಿರಾಜಮಾನರಾಗಿರುವ ತಮಗೆ ಈ ಮನೆಯ ಸೊಸೆಯ ನಮಸ್ಕಾರಗಳು. ತಮ್ಮ ಹೊಟ್ಟೆಯೊಳಗಿನ ಶೆಲ್ಲುಗಳು ಕ್ಷೇಮವೆಂದು ನಂಬಿದ್ದೇನೆ. ಮನೆಯಲ್ಲಿ ಸದ್ಯಕ್ಕೆ ಕ್ಷೇಮವಾಗಿರುವುದು ಅವಷ್ಟೇ.

ತಾವು ಬಂದ ಮೇಲೆ ನಮ್ಮ ಮನೆಗೆ ಬಂದ ಕಳೆಯನ್ನು ಮರೆಯುವಂತಿಲ್ಲ. ಬೆಳಗಿನ ವಾಕಿಂಗ್ ಮುಗಿಸಿದ ನೆರೆಹೊರೆಯ ಹಿರಿಯರೆಲ್ಲ ತಮ್ಮ ದರ್ಶನಕ್ಕೆ ಬರುತ್ತಾರೆ. ನನ್ನ ಅತ್ತೆ ಕಾವೇರಮ್ಮನವರು ಎಲ್ಲರಿಗೂ ಗಟ್ಟಿ ಡಿಕಾಕ್ಷನ್ನಿನ ಕಾಫಿ ಕೊಟ್ಟು, ಸ್ವತಃ ಕುಡಿದು, ಲೋಟ ಕೆಳಗಿಟ್ಟ ಮೇಲೆಯೇ ತೋಳುಗಳಿಗೆ ಪಟ್ಟಿ ಸುತ್ತುವ ಕಾರ್ಯಕ್ರಮ ಶುರುವಾಗುತ್ತದೆ. ಪಟ್ಟಿ ಬಿಗಿಯುತ್ತಿರುವಾಗಲೂ ರಸ್ತೆ ಅಗೆದು ಹೋದವರ ಬಗ್ಗೆ ವಾಗ್ವಾದ ನಿಲ್ಲುವುದಿಲ್ಲ. ತಾವು ಯಾವ ಭೇದಭಾವವೂ ಇಲ್ಲದೆ ಮನುಷ್ಯ, ಕಾಫಿ, ಕೋಪ ಮೂರನ್ನೂ ಕೂಡಿಸಿ ಅಂಕಿ ತೋರಿಸುತ್ತೀರಿ. ಯಾರದು ಹೆಚ್ಚೋ ಆ ದಿನದ ಮರ್ಯಾದೆ ಅವರಿಗೆ. ಎದುರುಮನೆಯ ಪ್ರಭುದೇವ ಅವರದು ತೀರಾ ಸಾಧಾರಣವಾಗಿ ಬಂದಾಗ ಅತ್ತೆ, "ಪಾಪ, ನಿಮ್ಮನೇಲಿ ಯಾರೂ ನಿಮ್ಮನ್ನ ಮಾತಾಡ್ಸಲ್ವೇನ್ರೀ?" ಎಂದು ಸಂತಾಪ ಸೂಚಿಸಿ ಇನ್ನರ್ಧ ಲೋಟ ಬಗ್ಗಿಸಿದರು.

ತಮ್ಮ ಅಂಕಿಗಳ ಫೋಟೋ ತೆಗೆದು ಭಕ್ತಿಯಿಂದ ಡಾಕ್ಟರಿಗೆ ಕಳಿಸುತ್ತಿದ್ದವಳು ನಾನು. ಓದಿದವಳು ಅಂಕಿಯನ್ನು ನಂಬದಿರುವುದುಂಟೇ? ಅವರು ಮಾತ್ರೆ ಹೆಚ್ಚಿಸಿದರು. ಅತ್ತೆ ಮಂಚದಿಂದೆದ್ದರೆ ಗೋಡೆ ಹಿಡಿಯತೊಡಗಿದರು. ಒಂದು ಬೆಳಿಗ್ಗೆ ಬಚ್ಚಲಮನೆಯ ಬಾಗಿಲಲ್ಲಿ ಕಣ್ಣು ಕತ್ತಲೆಯಿಟ್ಟು ಕುಸಿದೇಬಿಟ್ಟರು. ಪಕ್ಕದಲ್ಲಿ ನನ್ನ ಭುಜ ಸಿಕ್ಕಿದ್ದರಿಂದ ಸೊಂಟದ ಮೂಳೆ ಉಳಿಯಿತು. ಅಷ್ಟೆಲ್ಲ ಗಲಾಟೆಯಲ್ಲೂ ಟೀಪಾಯಿಯಿಂದ ಕದಲದ ತಮ್ಮ ಸಂಯಮವನ್ನು ಎಷ್ಟು ಹೊಗಳಿದರೂ ಸಾಲದು.

ಕರೆದುಕೊಂಡು ಹೋದಾಗ ಅದೇ ಡಾಕ್ಟರ್, ಆಕರ್ಷ ಅವರು, ಅತ್ತೆಯನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ನಿಂತೊಡನೆ ಅದು ಪಾತಾಳಕ್ಕಿಳಿಯುತ್ತಿತ್ತು. ಮನೆಯಲ್ಲಿ ಯಾವಾಗ ನೋಡಿಕೊಳ್ಳುತ್ತೀರಿ ಎಂದು ಕೇಳಿದರೆ ಅತ್ತೆ, "ಕಾಫಿ ಆದ್ಮೇಲೇ, ಇನ್ಯಾವಾಗ? ಮನೆಗ್ ಬಂದೋರ್ಗೆ ಒಂದ್ಲೋಟ ಕಾಫೀನೂ ಕೊಡ್ದೆ ಕೈಗೆ ಪಟ್ಟಿ ಕಟ್ಟೋಕೆ ನಮ್ದೇನು ಪೊಲೀಸ್ ಸ್ಟೇಷನ್ನಾ?" ಎಂದರು. ಡಾಕ್ಟರು ಮಾತ್ರೆ ಇಳಿಸಿ, ಇನ್ನು ಮೇಲೆ ಕಾಫಿಗೆ ಮುಂಚೆ, ಸ್ವಲ್ಪ ಹೊತ್ತು ಸುಮ್ಮನೆ ಕೂತು, ಮಾತಾಡದೆ ನೋಡಬೇಕೆಂದಿದ್ದಾರೆ. ಕಾಫಿಯನ್ನು ಮುಂದೂಡಲು ಅತ್ತೆ ಹೇಗೋ ಒಪ್ಪಿದ್ದಾರೆ. ಬಾಯಿ ಮುಚ್ಚಿಕೊಳ್ಳುವುದನ್ನು ಮಾತ್ರ ಮಾತ್ರೆ ಇಳಿಸಿದ್ದರ ಅಡ್ಡಪರಿಣಾಮವೆಂದು ಭಾವಿಸಿದ್ದಾರೆ.

ಆದ್ದರಿಂದ ತಾವು ದಯಮಾಡಿ ಅತ್ತೆಯ ಬಿಪಿ, ಕಾಫಿಯ ಬಿಪಿ, ಅಗೆದ ರಸ್ತೆಯ ಬಿಪಿ ಇವುಗಳನ್ನು ಬೇರೆಬೇರೆಯಾಗಿ ತೋರಿಸಬೇಕು. ಪಟ್ಟಿ ಕಟ್ಟಿಕೊಂಡವರು ಮಾತಾಡಿದರೆ ಕೆಮ್ಮಿ ಎಚ್ಚರಿಸಬೇಕು. ಅತ್ತೆ ಎದ್ದು ನಿಲ್ಲುವಾಗ ತಾವೂ ಎದ್ದು ಆಸರೆ ಕೊಡಬೇಕು. ಕೊನೆಯದು ಸೊಸೆಯ ಕೆಲಸವಲ್ಲವೇ ಎಂದು ತಾವು ಕೇಳಬಹುದು. ನಾನೂ ಅದನ್ನೇ ಕೇಳಿಕೊಂಡೆ; ಬಂದ ಉತ್ತರ ಹಿತವಾಗಿರಲಿಲ್ಲವಾದ್ದರಿಂದ ದೂರನ್ನು ತಮಗೆ ಬರೆದೆ.

ತಮ್ಮ ಅಂಕಿಗಿಂತ ಅತ್ತೆಯ ಮುಖವನ್ನು ಮೊದಲು ನೋಡಲು ಕಲಿಯುತ್ತಿರುವ ತಮ್ಮ ವಿಶ್ವಾಸಿ,
ಸುಪ್ರಜಾ

ತಾ.ಕ.: ಇಂದು ಅತ್ತೆ ಕಾಫಿಯಿಲ್ಲದೆ, ಮಾತಿಲ್ಲದೆ ಕೂತರು. ತಾವು ಮೊತ್ತಮೊದಲ ಬಾರಿಗೆ ಅವರೊಬ್ಬರದೇ ಬಿಪಿ ತೋರಿಸಿದಿರಿ, ಎಲ್ಲ ಸರಿಯಾಗಿತ್ತು. "ಇದ್ಯಾಕೋ ಕೆಟ್ಟೋಗಿದೆ ಕಣೇ" ಎಂದ ಅತ್ತೆ ತಮ್ಮನ್ನು ರಿಪೇರಿಗೆಂದು ಚೀಲದಲ್ಲಿ ಕಟ್ಟಿಟ್ಟು, ಗೋಡೆ ಹಿಡಿಯದೆ, ಸರಸರ ಮೆಟ್ಟಿಲಿಳಿದು, ಶೇಷಾದ್ರಿಪುರದ ತಂಗಿಯ ಮನೆಯ ಮಿಷನ್ನಿನಲ್ಲಿ ನೋಡಿಸಿಕೊಳ್ಳಲು ಹೊರಟಿದ್ದಾರೆ. ಆ ತಂಗಿಯ ಕಾಫಿ ನಮ್ಮದಕ್ಕಿಂತ ಗಟ್ಟಿ.