ಫೋರ್ತ್ ಸೀಟೂ ಅಪ್ಪನ ಹೊಟ್ಟೆಯೂ

ದೇಹದ ತೂಕ ಎಂಬುದು ಬಾಯಿಗೆ ಸಂಬಂಧಪಟ್ಟ ವಿಷಯ, ವಂಶಕ್ಕಲ್ಲ. ಎಂಬತ್ತರ ದಶಕ ಹುಟ್ಟುವಾಗ ಇದು ನನ್ನ ದೃಢವಾದ ನಂಬಿಕೆಯಾಗಿತ್ತು. ಭಾನುವಾರ ಬಂತೆಂದರೆ ಮುಂಬೈ ಹೊರವಲಯದ ಡೊಂಬಿವಲಿಯಿಂದ ಥಾಣೆಯ ಮಾಜಿವಾಡಾಕ್ಕೆ ಹೋಗಿ, ಅಣ್ಣನ ಹೋಟೆಲಿನಲ್ಲಿ ಕುಳಿತು, ಅವನ ಹೊಟ್ಟೆಯನ್ನು ನೋಡುತ್ತಾ, "ಬಾಯಿ ಕಟ್ಟಬೇಕು ಅಣ್ಣ" ಎಂದು ಉಪದೇಶಿಸುತ್ತಿದ್ದೆ. ಉಪದೇಶದ ನಡುನಡುವೆ ಅವನದೇ ಗೋಳಿಬಜೆ ತಿನ್ನುತ್ತಿದ್ದೆ. ನಾನಾಗ ಕಡ್ಡಿಯಂತಿದ್ದೆ, ತಿನ್ನುವ ಹಕ್ಕು ನನಗಿತ್ತು! ಅಣ್ಣ ಎದುರಾಡುತ್ತಿರಲಿಲ್ಲ. ಸುಮ್ಮನೆ ಇನ್ನೊಂದು ಪ್ಲೇಟು ತರಿಸುತ್ತಿದ್ದ.

ಕಡ್ಡಿಯಂತಿದ್ದುದರಿಂದಲೇ ಮುಂಬೈಯ ವಿ.ಟಿ. ನಿಲ್ದಾಣಕ್ಕೆ ಹೋಗುವ ಬೆಳಗಿನ ಲೋಕಲ್‌ನಲ್ಲಿ ನನಗೆ ಫೋರ್ತ್ ಸೀಟ್ ಸಿಕ್ಕಿತ್ತು. ಮೂವರಿಗೆಂದು ರೈಲ್ವೆಯವರು ಮಾಡಿಸಿದ ಹಲಗೆಯ ತುದಿಯಲ್ಲಿ ನಾಲ್ಕನೆಯವನಾಗಿ, ಅರ್ಧ ದೇಹವನ್ನು ಹಲಗೆಯ ಮೇಲೂ ಉಳಿದರ್ಧವನ್ನು ದೇವರ ಮೇಲೂ ಹಾಕಿ ಕೂರುವ ಗೌರವಕ್ಕೆ ಹಾಗೆನ್ನುತ್ತಾರೆ. ಕಿಟಕಿಗೆ ವಿಜಾಪುರದ ಕುಲಕರ್ಣಿ, ನಡುವೆ ಕನ್ನಡ ಅರ್ಥವಾದರೂ ಮರಾಠಿಯಲ್ಲೇ ಮಾತಾಡುವ ಸಾವಂತ, ಆಮೇಲೆ ಸದಾ ನಿದ್ರಿಸುವ ನಾಯರ್, ತುದಿಗೆ ನಾನು. ಗಂಟೆಗೂ ಮೀರಿದ ದಾರಿ. ಆ ಪರವೂರಿನಲ್ಲಿ ನನಗೆ ಸ್ನೇಹಿತರೆಂದು ಇದ್ದವರು ಆ ಹಲಗೆಯ ಮೂವರೇ. ಜಾಗ ಹೋದರೆ ದಾರಿಯುದ್ದಕ್ಕೂ ನಿಂತು ನನ್ನ ಮೊಣಕಾಲೂ ಹೋಯಿತು, ಬಳಗವೂ ಹೋಯಿತು.

ನಲವತ್ತೆಂಟು ತುಂಬುತ್ತಲೇ ಹೊಟ್ಟೆ ಬಂತು. ಅರ್ಜಿಯಿಲ್ಲ, ಮುನ್ಸೂಚನೆಯಿಲ್ಲ! ಒಂದು ದಿನ ಮುಂಬ್ರಾ ತಿರುವಿನಲ್ಲಿ ನಾಯರ್ ನಿದ್ದೆಯಲ್ಲೇ ಮಗ್ಗುಲು ಬದಲಿಸಿದ್ದೇ ತಡ, ನಾನು ಎದುರು ಸೀಟಿನ ಅಪರಿಚಿತರೊಬ್ಬರ ಮಡಿಲಲ್ಲಿದ್ದೆ. ಅವರ ಊಟದ ಡಬ್ಬಿ ನನ್ನ ಅಡಿಯಲ್ಲಿತ್ತು.

"ರಾಯರ, ಹಿಂಗಾದ್ರ ನಡ್ಯಂಗಿಲ್ಲ," ಎಂದರು ಕುಲಕರ್ಣಿ. "ದೀಪಾವಳಿ ತನಕ ಟೈಮ್ ಕೊಡ್ತೀವಿ. ಹೊಟ್ಟಿ ಇಳಸ್ರಿ. ಇಲ್ಲಾಂದ್ರ ನಿಂತ್ಕೊಂಡ ಬರ್ರಿ."

ಅಂದಿನಿಂದ ತಪಸ್ಸು ಆರಂಭವಾಯಿತು. ಬೆಳಿಗ್ಗೆ ಎಂಐಡಿಸಿ ರಸ್ತೆಯಲ್ಲಿ, ಕಾರ್ಖಾನೆಗಳ ವಾಸನೆಗೆ ಮೂಗು ಮುಚ್ಚಿಕೊಂಡು ನಡಿಗೆ. ಮಧ್ಯಾಹ್ನ ಹುರುಳಿ ಸಾರು, ರಾತ್ರಿ ಗಂಜಿ. ಕೆನ್ನೆ ಇಳಿಯಿತು. ಕತ್ತು ಇಳಿಯಿತು. ಮದುವೆಯ ಉಂಗುರ ಬೆರಳಿನಿಂದ ಜಾರಿ ಮೋರಿ ಸೇರಿತು! ಹೊಟ್ಟೆ ಮಾತ್ರ ಇದ್ದಲ್ಲೇ ಇತ್ತು.

"ಅದು ಮಾವನವರ ಹೊಟ್ಟೆ ಮಾರಾಯ್ರೆ," ಎಂದಳು ಹೆಂಡತಿ ಸುಮತಿ, ಗೋಡೆಯ ಮೇಲಿನ ಅಪ್ಪನ ಫೋಟೋ ತೋರಿಸಿ. "ಗಂಜಿಗೆಲ್ಲ ಅದು ಹೆದರ್ಲಿಕ್ಕಿಲ್ಲ. ಭಾವನವರಿಗೂ ಅದೇ ಉಂಟಲ್ಲ? ಅವರಿಗೆ ಮೊದಲು ಬಂತು, ನಿಮಗೆ ಈಗ ಬಂತು, ಅಷ್ಟೆ."

ಫೋಟೋದ ಎದುರು ಪಕ್ಕಕ್ಕೆ ತಿರುಗಿ ನಿಂತು ನೋಡಿಕೊಂಡೆ. ಅದೇ ಹೊಟ್ಟೆ! ತಲೆಯಲ್ಲಿ ದೀಪ ಹೊತ್ತಿತು. ಇದು ವಂಶದಿಂದ ಬಂದದ್ದಾದರೆ ನಾನು ನಿರಪರಾಧಿ. ನಿರಪರಾಧಿಗೆ ಶಿಕ್ಷೆ ಕೊಡುವಂತಿಲ್ಲ. ಸಾಕ್ಷಿಗೆ ಅಣ್ಣನನ್ನೇ ಕರೆಸಿದೆ.

ದೀಪಾವಳಿಯ ಹಿಂದಿನ ದಿನ ಅಣ್ಣ ಥಾಣೆಯಲ್ಲಿ ರೈಲು ಹತ್ತಿದ. ಥಾಣೆಯಲ್ಲಿ ಯಾರೂ ಕಷ್ಟಪಟ್ಟು ಹತ್ತಬೇಕಾಗಿಲ್ಲ, ಹಿಂದಿನವರೇ ಹತ್ತಿಸುತ್ತಾರೆ. ನಾನೆದ್ದು, ಅವನ ಪಕ್ಕದಲ್ಲಿ ನಿಂತು, ಗಂಟಲು ಸರಿಪಡಿಸಿಕೊಂಡೆ.

"ಮಹನೀಯರೇ! ಇವರು ಹೋಟೆಲಿನ ಎಣ್ಣೆತಿಂಡಿ ತಿಂದವರು. ನಾನು ಗಂಜಿ ಕುಡಿದವನು. ಎರಡು ಹೊಟ್ಟೆಗಳಲ್ಲಿ ಏನಾದರೂ ವ್ಯತ್ಯಾಸವಿದ್ದರೆ ತೋರಿಸಿ!"

"ಎಣ್ಣೆತಿಂಡಿ ಎಂತದ್ದು ಮಾರಾಯ?" ಎಂದ ಅಣ್ಣ, ಬೆವರೊರೆಸುತ್ತಾ. "ಸಕ್ಕರೆ ಕಾಯಿಲೆ ಅಂತ ನನಗೆ ಎಷ್ಟೋ ವರ್ಷದಿಂದ ಬರೀ ಚಪಾತಿ. ಗೋಳಿಬಜೆ ತಿನ್ನುವುದು ನೀನಲ್ವಾ?"

ಬೋಗಿಯಲ್ಲಿದ್ದವರೆಲ್ಲ ನಕ್ಕರು. ಅಣ್ಣ ನಗಲಿಲ್ಲ.

"ಅಪ್ಪನಿಗೂ ಇದೇ ಹೊಟ್ಟೆ," ಎಂದ. "ಒಪ್ಪೊತ್ತು ಊಟ ಮಾಡಿ ನಮ್ಮನ್ನು ಸಾಕಿದ್ರು. ಊರಿನವರು ತಿಂಡಿಪೋತ ಅಂತ ನಗಾಡಿದ್ರು. ಅಪ್ಪ ಒಂದು ದಿನ ಎದುರು ಮಾತಾಡ್ಲಿಲ್ಲ."

ಆ ಭಾನುವಾರಗಳಲ್ಲಿ ಅಣ್ಣನೂ ಎದುರು ಮಾತಾಡಿರಲಿಲ್ಲ. ನಾಚಿಕೆಯಿಂದ ಅವನ ಮುಖ ನೋಡಲಾಗದೆ ಕಿಟಕಿಯಾಚೆ ನೋಡಿದೆ.

ಮೊದಲು ಸಾವಂತರು ತಲೆದೂಗಿದರು. "ಬರೋಬರ್ ಆಹೇ. ಹ್ಯಾಂಚಾ ದೋಷ್ ನಾಹೀ."

ದೋಷವಿಲ್ಲ! ಗೆದ್ದೆ ಎಂದುಕೊಂಡು ಕೂರಲು ಬಗ್ಗಿದೆ. ಕುಲಕರ್ಣಿ ಕೈ ಅಡ್ಡ ಹಿಡಿದರು.

"ನಿಮ್ಮ ತಪ್ಪು ಏನೂ ಇಲ್ರಿ ರಾಯರ, ಖರೇ ಅದ. ಆದ್ರ ಇದು ಯಾವತ್ತೂ ಇಳಿಯಂಗಿಲ್ಲ ಅಂತ ನೀವ ಸಿದ್ಧ ಮಾಡಿ ತೋರಿಸಿದ್ರಲ್ಲ! ಇನ್ನ ಟೈಮ್ ಕೊಟ್ಟು ಏನು ಉಪಯೋಗ?"

ನಾಯರ್ ಕಣ್ಣು ತೆರೆದು, "ಕರೆಕ್ಟ್" ಎಂದು, ಮತ್ತೆ ಮುಚ್ಚಿದರು.

ಅಣ್ಣತಮ್ಮಂದಿರು ಬಾಗಿಲ ಬಳಿ ನಿಂತೆವು. ಅಣ್ಣ ಚೀಲದಿಂದ ಒಂದು ಪೊಟ್ಟಣ ತೆಗೆದ. ಗೋಳಿಬಜೆ, ಇನ್ನೂ ಬೆಚ್ಚಗಿತ್ತು. "ತಿನ್ನು ಮಾರಾಯ. ಇನ್ನು ಎಂತಕ್ಕೆ ಬಾಯಿ ಕಟ್ಟುವುದು?" ಎಂದ. ತಿಂದೆ. ಅಷ್ಟು ರುಚಿಯಾದದ್ದನ್ನು ಅವನ ಹೋಟೆಲಿನಲ್ಲೂ ತಿಂದಿರಲಿಲ್ಲ.

ಹಬ್ಬ ಮುಗಿಯುತ್ತಲೇ ಫೋರ್ತ್ ಸೀಟಿಗೆ ಕಲ್ಯಾಣದ ತೆಳ್ಳನೆಯ ಗೃಹಸ್ಥರೊಬ್ಬರು ಬಂದರು. ಅವರನ್ನು ಕೂರಿಸುವ ಮೊದಲು ಕುಲಕರ್ಣಿ ಗಂಭೀರವಾಗಿ ಕೇಳಿದರು:

"ನಿಮ್ಮ ತಂದಿಯವರ ಹೊಟ್ಟಿ ಹೆಂಗಿತ್ತು?"

ನನ್ನ ಸಂಶೋಧನೆಗೆ ಸಿಕ್ಕ ಮನ್ನಣೆ ಅದೊಂದೇ! ಈಗಲೂ ಅವರ ಪಕ್ಕದಲ್ಲೇ ನಿಂತು ಹೋಗುತ್ತೇನೆ, ಮಾತುಕತೆ ಮೊದಲಿನಂತೆಯೇ ನಡೆಯುತ್ತದೆ. ನಾನು ಮೇಲಿನ ಹಿಡಿಕೆ ಹಿಡಿದು ನೇತಾಡುತ್ತೇನೆ. ಹೊಟ್ಟೆ ಮಾತ್ರ ಆ ತೆಳ್ಳನೆಯವರ ಭುಜದ ಮೇಲೆ, ವಿ.ಟಿ. ಬರುವ ತನಕ, ಆರಾಮವಾಗಿ ಕೂತಿರುತ್ತದೆ.