ಎರಡು ಬ್ಯಾಟರಿ, ಅತ್ತೆ ಮನೆಯ ಊಟ

ಪಾಠ ಹೇಳುವವನಿಗೆ ಬರುವುದು ಪಾಠ ಹೇಳಲಿಕ್ಕೆ ಮಾತ್ರ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬ್ರಹ್ಮಾವರ ಕಡೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತು ವರ್ಷದಿಂದ ವಿದ್ಯುತ್ತಿನ ಪಾಠ ಮಾಡುತ್ತಿದ್ದೇನೆ. ಕೋಡಿಯ ನಮ್ಮ ಮನೆಯಲ್ಲಿ ಫ್ಯೂಸ್ ಹೋದರೆ ತಂತಿ ಕಟ್ಟುವವಳು ಮಾತ್ರ ಹೆಂಡತಿ ಗಿರಿಜೆ. ನಾನು ಟಾರ್ಚು ಹಿಡಿದು ಸಿದ್ಧಾಂತ ವಿವರಿಸುತ್ತೇನೆ. ಇಂಥವನು ಇಂಜಿನ್ನಿನ ಸಣ್ಣ ಫೈಬರ್ ದೋಣಿ ಕೊಂಡದ್ದಕ್ಕೆ ಕಾರಣವಿತ್ತು. ಗಿರಿಜೆಯ ತವರು ಗಂಗೊಳ್ಳಿ. ಕೋಡಿಯಿಂದ ನೋಡಿದರೆ ಹೊಳೆಯ ಆಚೆ ದಡ, ಅಷ್ಟೆ. ಬಸ್ಸಿನಲ್ಲಾದರೆ ಕುಂದಾಪುರ, ಹೆಮ್ಮಾಡಿ, ತ್ರಾಸಿ ಎಲ್ಲ ಸುತ್ತಿ, ತಿಂದ ತಿಂಡಿ ಕರಗಿದ ಮೇಲೆ ಮುಟ್ಟುವ ಊರು. ಅವಳನ್ನು ಹತ್ತು ನಿಮಿಷದಲ್ಲಿ ತವರಿಗೆ ಮುಟ್ಟಿಸುವ ಗಂಡನಾಗಬೇಕೆಂಬುದು ನನ್ನ ಆಸೆ.

ದೋಣಿಗೆ ಇದ್ದದ್ದು ಒಂದೇ ಬ್ಯಾಟರಿ. ಗುಂಡಿ ಒತ್ತಿದರೆ ಇಂಜಿನ್ ಚಾಲೂ ಆಗಬೇಕಾದದ್ದೂ ಅದರಿಂದಲೇ, ಗಾಳ ಹಾಕಿ ಕೂತಾಗ ನಾನು ರೇಡಿಯೊ ಕೇಳುವುದೂ ಅದರಿಂದಲೇ. ಒಮ್ಮೆ ರೇಡಿಯೊ ಕೇಳಿ ಕೇಳಿ ಅದನ್ನು ಖಾಲಿ ಮಾಡಿ, ಹುಟ್ಟು ಹಾಕುತ್ತ ಮನೆಗೆ ಬಂದೆ. ಆಮೇಲೆ ಬೋಟುಗಳಿಗೆ ವಯರಿಂಗ್ ಮಾಡುವ ಶೀನನನ್ನು ಕರೆಸಿ ಎರಡನೆಯದನ್ನು ಕೂರಿಸಿದೆ. ನಡುವೆ ಒಂದು ದುಂಡನೆಯ ಸ್ವಿಚ್ಚು. ಒಂದಕ್ಕೆ ತಿರುಗಿಸಬಹುದು, ಎರಡಕ್ಕೆ ತಿರುಗಿಸಬಹುದು, ಎರಡನ್ನೂ ಒಟ್ಟು ಮಾಡಲೂಬಹುದು. "ಮಾಷ್ಟ್ರೆ, ಒಂದ್ ಇಂಜಿನಿಗೆ, ಇನ್ನೊಂದ್ ನಿಮ್ಮ್ ರೇಡಿಯಕ್ಕೆ. ದೋಣಿ ನಿಲ್ಸಿರೆ ಸ್ವಿಚ್ ಎರಡ್ನೇದ್ರಲ್ಲೇ ಇರ್ಕ್. ಒಟ್ಟ್ ಮಾಡ್ರೆ ಕೆಟ್ರಿ ಕಾಣಿ" ಎಂದು ಹೇಳಿ ಹೋದ.

ನಾನು ಬೆಳೆದದ್ದು ಹದಿನೆಂಟು ಜನ ಉಣ್ಣುತ್ತಿದ್ದ ಕೂಡುಕುಟುಂಬದಲ್ಲಿ. ದೊಡ್ಡಮ್ಮ ಬಡಿಸಲು ನಿಂತರೆ ಸ್ವಂತ ಮಗನ ಎಲೆಗೂ ಅದೇ ಸೌಟು, ನನ್ನ ಎಲೆಗೂ ಅದೇ ಸೌಟು; ಪಂಕ್ತಿಭೇದ ಮಾಡಿದರೆ ಪಾಪ ಬರುತ್ತದೆ ಎನ್ನುತ್ತಿದ್ದಳು. ಒಂದು ಬ್ಯಾಟರಿ ಹೊಟ್ಟೆ ತುಂಬಿಸಿಕೊಂಡು ಮೂಲೆಯಲ್ಲಿ ಕೂರುವುದು, ಇನ್ನೊಂದು ದುಡಿದು ಸಾಯುವುದು, ಇದು ಯಾವ ನ್ಯಾಯ? ಸ್ವಿಚ್ಚನ್ನು ಒಟ್ಟಿಗೇ ಇಟ್ಟೆ. ಎರಡೂ ಸಮಪಾಲಿನಲ್ಲಿ ದುಡಿದವು, ಸಮಪಾಲಿನಲ್ಲೇ ಸತ್ತವು.

ಸತ್ತದ್ದು ಅತ್ತೆ ಮನೆಯ ಹೊಸ ಅಕ್ಕಿ ಊಟದ ದಿನ. ಹಿಂದಿನ ಸಂಜೆ ರೇಡಿಯೊ ಜೋರಾಗಿಯೇ ನಡೆದಿತ್ತು. ಬೆಳಿಗ್ಗೆ ಇಂಜಿನ್ ಹೇಗೋ ಹೊರಟಿತು. ಹೊಳೆಯ ಮಧ್ಯೆ ನೀರಡಿಯ ಫ್ಯಾನಿಗೆ ಬಲೆಯ ಚೂರು ಸಿಕ್ಕಿತು. ನಿಲ್ಲಿಸಿ, ಬಿಡಿಸಿ, ಗುಂಡಿ ಒತ್ತಿದರೆ ಬರೀ 'ಟಕ್'. ಇಳಿತದ ಸೆಳೆತಕ್ಕೆ ಹುಟ್ಟು ಸಾಲಲಿಲ್ಲ. ಆ ಊಟಕ್ಕೆ ಮನೆಮಂದಿಯೆಲ್ಲ ಒಟ್ಟಿಗೆ ಕೂರಬೇಕು, ಮಗಳು ಅಳಿಯ ಬಾರದೆ ಎಲೆ ಹಾಕುವಂತಿಲ್ಲ. ಯಾರದೋ ದೋಣಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ನಾವು ಮುಟ್ಟುವಾಗ ಗಂಟೆ ಮೂರು. ಹಸಿದ ಮಕ್ಕಳು ಅತ್ತು ಮಲಗಿದ್ದವು. "ನಾ ಇನ್ನ್ ಈ ದೋಣಿಗೆ ಕಾಲ್ ಹಾಕುದಿಲ್ಲೆ" ಎಂದಳು ಗಿರಿಜೆ.

ಹಾಕಲೂ ಇಲ್ಲ. ಅವಳು ಬಸ್ಸಿನಲ್ಲಿ ತವರಿಗೆ ಹೋಗುತ್ತಿದ್ದಳು, ನಾನು ದೋಣಿಯಲ್ಲಿ. ಎದುರಿನ ಹಲಗೆ ಖಾಲಿ ಕಂಡಾಗ ಬೇಸರವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಸುದ್ದಿ ಕೇಳಿದ ಶೀನ ನಕ್ಕ. "ಒಟ್ಟಿಗೆ ಇಪ್ದ್ ಮನ್ಶರಿಗೆ ಮಾರಾಯ್ರೆ, ಬ್ಯಾಟ್ರಿಗಲ್ಲ." ಅವನು ಹೇಳಿದಂತೆ ಮಾಡತೊಡಗಿದ ಮೇಲೆ ಇಂಜಿನ್ ಒಂದು ಸಲವೂ ಕೈಕೊಡಲಿಲ್ಲ. ಇದನ್ನು ಗಿರಿಜೆಗೆ ಎರಡು ತಿಂಗಳು ದಿನಾ ವರದಿ ಮಾಡಿದೆ. ಕಡೆಗೊಂದು ಭಾನುವಾರ, ಅತ್ತೆ ಊಟಕ್ಕೆ ಕರೆದಿದ್ದಾಗ, ದೊಡ್ಡದೊಂದು ಚೀಲ ಹಿಡಿದುಕೊಂಡು ಬಂದು ಹಲಗೆಯ ಮೇಲೆ ಕೂತಳು. ನಾನು ಉಬ್ಬಿಹೋದೆ. ಹೊಳೆಯ ಮಧ್ಯೆ ಬೇಕೆಂದೇ ಇಂಜಿನ್ ನಿಲ್ಲಿಸಿ, ಮತ್ತೆ ಚಾಲೂ ಮಾಡಿ ತೋರಿಸಿದೆ. ಅವಳು ಆಕಾಶ ನೋಡಿದಳು.

ಹನ್ನೊಂದಕ್ಕೆಲ್ಲ ಅತ್ತೆಯ ಅಂಗಳದಲ್ಲಿದ್ದೆವು. ಅತ್ತೆ ಗಾಬರಿಯಾದರು. "ಅಯ್ಯೋ, ಈಗ್ಳೇ ಬಂದ್ರಿಯಾ? ನಾ ಇನ್ನೂ ಮೀನ್ ಕೊಯ್ಲಿಲ್ಲ! ದೋಣಿಯಗೆ ಬತ್ತೊ, ಮೂರ್ ಗಂಟೆಗೆ ಅನ್ನ ಬೆಂದ್ರೆ ಸಾಕ್ ಅಂತ ಗಿರಿಜ ಫೋನ್ ಮಾಡಿದ್ಲಲೆ?"

ನಾನು ತಿರುಗಿ ನೋಡಿದೆ. ಗಿರಿಜೆ ಚೀಲದಿಂದ ಒಂದೊಂದೇ ತೆಗೆದು ಜಗಲಿಯ ಮೇಲಿಡುತ್ತಿದ್ದಳು: ಇಬ್ಬರಿಗಾಗುವಷ್ಟು ಒಗ್ಗರಣೆ ಅವಲಕ್ಕಿ, ಎರಡು ಬಾಟಲಿ ನೀರು, ಎರಡು ಕೊಡೆ.

"ಇಂಜಿನ್ ನಿಲ್ಲುತ್ತದೆ ಅಂತ ಗ್ಯಾರಂಟಿ ಇದ್ದರೆ ಹತ್ತಿದ್ದು ಯಾಕೆ ಮತ್ತೆ?" ಎಂದೆ ಸಿಟ್ಟಿನಿಂದ.

"ನೀವ್ ಒಬ್ರೇ ಹೊಳಿ ಮಧ್ಯ ಕೂಕಂಡಿಪ್ದ್ ಕಾಂಬುಕೆ ಆತ್ತಾ ನಂಗೆ?" ಎಂದಳು, ಕೊಡೆ ಒರಸುತ್ತ.

ಎರಡು ತಿಂಗಳಿಂದ ಬಾಯಿಪಾಠ ಮಾಡಿಟ್ಟಿದ್ದ ವಿಜಯದ ಭಾಷಣಕ್ಕೆ ಅಲ್ಲಿಗೇ ಮಂಗಳ ಹಾಡಿದೆ. ಅಷ್ಟರಲ್ಲಿ ಅತ್ತೆ, ಬೇಗ ಬಂದ ತಪ್ಪಿಗೆ, ಎರಡು ಕಾಯಿ ಒಡೆದು ತುರಿಮಣೆಯನ್ನು ನನ್ನ ಮುಂದೆ ತಂದಿಟ್ಟರು. ಅಳಿಯನೆಂಬ ಮರ್ಯಾದೆ ಬದಿಗಿಟ್ಟು, ಅವಲಕ್ಕಿ ಮೆಲ್ಲುತ್ತ, ತುರಿಯಲು ಕೂತೆ.